ಮರುಸ್ಥಾಪನೆಗೆ ಮೊದಲು ವೋಲ್ಟೇಜ್ ನೋಡಿ

ಮೈಸೂರಿನಲ್ಲಿ ಮನೆಬಳಕೆಯ ಕಂಪ್ಯೂಟರುಗಳಿಗೆ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಹಾಕಿಕೊಡುವುದು, ಆಮೇಲೆ ಬರುವ ತೊಂದರೆಗಳನ್ನು ಸರಿಪಡಿಸುವುದು, ಜೊತೆಗೆ ರಾಸ್ಪ್‌ಬೆರಿ ಪೈ, ಆರ್ಡುಯಿನೊ ಮುಂತಾದ ಪುಟ್ಟ ಬೋರ್ಡುಗಳಲ್ಲಿ ಹವ್ಯಾಸಕ್ಕೆಂದು ಏನಾದರೂ ಕಟ್ಟುವವರಿಗೆ ನೆರವಾಗುವುದು ನನ್ನ ವೃತ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹತೆ ಇಲ್ಲದಿದ್ದರೂ ಇನ್ನೂ ಚೆನ್ನಾಗಿ ನಡೆಯುತ್ತಿರುವ ಹಳೆಯ ಯಂತ್ರಗಳನ್ನು ಎಸೆಯಲು ಮನಸ್ಸು ಬಾರದ ಅನೇಕರು ಲಿನಕ್ಸ್ ಕಡೆಗೆ ತಿರುಗಿದ್ದಾರೆ. ಕೆಲಸ ಹೆಚ್ಚಿದಷ್ಟೂ ನನಗೆ ಒಂದು ವಿಷಯ ಹೆಚ್ಚು ಹೆಚ್ಚು ದೃಢವಾಗುತ್ತಿದೆ. ಬಂದು ಹೋಗುವ, ಯಾವಾಗ ಬರುತ್ತದೆಂದು ಹೇಳಲಾಗದ ತೊಂದರೆ ಕಂಡಾಗ, ಕಾರ್ಯಾಚರಣಾ ವ್ಯವಸ್ಥೆಯನ್ನು (ಓಎಸ್) ಅಳಿಸಿ ಮತ್ತೆ ಹಾಕುವ ಮುನ್ನ ಯಂತ್ರಕ್ಕೆ ಸಿಗುತ್ತಿರುವ ವಿದ್ಯುತ್ತನ್ನು ಪರೀಕ್ಷಿಸಬೇಕು. ಮರುಸ್ಥಾಪನೆ ಎಂಬುದು ಎಲ್ಲರಿಗೂ ಗೊತ್ತಿರುವ ಮದ್ದು. ಆದರೆ ರೋಗ ತಂತ್ರಾಂಶದಲ್ಲಿ ಇಲ್ಲದಿದ್ದಾಗ ಅದು ಕಾರಣವನ್ನು ಮುಟ್ಟದೆ, ಕಾರಣದ ಗುರುತುಗಳನ್ನು ಮಾತ್ರ ಅಳಿಸಿಹಾಕುತ್ತದೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಒಂದರ ಹಿಂದೆ ಒಂದು ಅಡಗಿದ್ದ ಕಾರಣಗಳು ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವಂಥವು. ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ತಮ್ಮ ಮನೆಯ ತಾರಸಿಯ ಕೈತೋಟಕ್ಕೆ ತಾವೇ ಹನಿ ನೀರಾವರಿಯ ವ್ಯವಸ್ಥೆ ಮಾಡಿಕೊಂಡಿದ್ದರು. ಒಂದು ರಾಸ್ಪ್‌ಬೆರಿ ಪೈ 4 (ಓಎಸ್, ಕಡತಗಳನ್ನು ಎಸ್‌ಡಿ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಕಂಪ್ಯೂಟರ್), ಮಣ್ಣಿನ ಉಷ್ಣತೆ ಅಳೆಯಲು ಡಿಎಸ್18ಬಿ20 ಸೆನ್ಸರ್, 12 ವೋಲ್ಟಿನ ಸಣ್ಣ ಪಂಪು, ಅದನ್ನು ಹಾಕಿ ಆರಿಸಲು ಒಂದು ರಿಲೇ, ಗಿಡಗಳ ಬೆಳವಣಿಗೆಯ ಫೋಟೊ ತೆಗೆಯಲು ಒಂದು ಕ್ಯಾಮೆರಾ. ಇಷ್ಟನ್ನೂ ಬಹಳ ಅಚ್ಚುಕಟ್ಟಾಗಿ ಜೋಡಿಸಿದ್ದರು. ತೊಂದರೆ ಏನೆಂದರೆ, ಕೆಲವು ದಿನ ಸಂಜೆ ಪೈ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು, ಕೆಲವು ದಿನ ಪೂರ್ತಿ ಸ್ತಬ್ಧವಾಗುತ್ತಿತ್ತು. ಬೆಳಗಿನ ಹೊತ್ತು ಹಾಗಾಗಿದ್ದೇ ಇಲ್ಲ.

“ನೋಡಮ್ಮ, ಕಾರ್ಡ್ ಬದಲಿಸಿದ್ದಾಯ್ತು, ಓಎಸ್ ಮತ್ತೆ ಹಾಕಿದ್ದಾಯ್ತು. ಒಂದು ವಾರ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕತೆ” ಎಂದರು ಮೇಷ್ಟ್ರು.

“ದಾಖಲೆ ಏನಾದರೂ ಉಳಿದಿದೆಯಾ ಸಾರ್?” ಎಂದು ಕೇಳಿದೆ. ಉಷ್ಣತೆಯ ದಾಖಲೆಯನ್ನು ಅವರು ಪ್ರತಿದಿನ ಬೇರೆ ಕಂಪ್ಯೂಟರಿಗೆ ಕಳುಹಿಸುತ್ತಿದ್ದರಿಂದ ಅದು ಉಳಿದಿತ್ತು. ಅದರಲ್ಲಿ 26, 27 ಡಿಗ್ರಿಗಳ ಸಾಲಿನ ನಡುವೆ ಅಲ್ಲಲ್ಲಿ ಸರಿಯಾಗಿ 85 ಡಿಗ್ರಿ ಎಂದು ಬರೆದಿತ್ತು. ಅವು ಯಾವುದೋ ತಪ್ಪು ಅಂಕಿಗಳೆಂದು ಮೇಷ್ಟ್ರು ಅವನ್ನು ಬದಿಗಿಟ್ಟಿದ್ದರು. ಆದರೆ ಈ ಸೆನ್ಸರಿನ ಮಟ್ಟಿಗೆ 85ಕ್ಕೆ ನಿರ್ದಿಷ್ಟ ಅರ್ಥವಿದೆ: ವಿದ್ಯುತ್ ಸಿಕ್ಕಿ ಎದ್ದ ಕೂಡಲೇ ಅದರ ನೆನಪಿನಲ್ಲಿ ಇರುವ ಆರಂಭದ ಬೆಲೆ ಅದು. 12 ಬಿಟ್ಟುಗಳ ನಿಖರತೆಯಲ್ಲಿ ಒಮ್ಮೆ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್‌ವರೆಗೆ ಬೇಕು; ಅಷ್ಟರೊಳಗೆ ವಿದ್ಯುತ್ ಕಡಿದು ಮತ್ತೆ ಬಂದರೆ, ಅಳತೆಯ ಬದಲು ಈ 85 ಓದಿಗೆ ಸಿಗುತ್ತದೆ. 85 ಬಿದ್ದ ನಿಮಿಷಗಳನ್ನೂ ಪಂಪು ಹಾಕಿದ ನಿಮಿಷಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅವೆರಡೂ ಹೊಂದಿಕೊಂಡವು. ಅಲ್ಲಿಗೆ ಕಾರ್ಡಿನ ಮೇಲೂ ಓಎಸ್ ಮೇಲೂ ಇದ್ದ ಅನುಮಾನ ನನ್ನ ಮಟ್ಟಿಗೆ ಕಡಿಮೆಯಾಯಿತು.

ರಾಸ್ಪ್‌ಬೆರಿ ಪೈಗೆ ತನಗೆ ಸಿಗುವ ವೋಲ್ಟೇಜ್ ಸುಮಾರು 4.63 ವೋಲ್ಟಿಗಿಂತ ಇಳಿದರೆ ಅದನ್ನು ಗುರುತಿಸುವ ವ್ಯವಸ್ಥೆ ಇದೆ. ‘ವಿಸಿಜೆನ್‌ಸಿಎಂಡಿ’ ಎಂಬ ಆದೇಶಕ್ಕೆ ‘ಗೆಟ್ ಥ್ರಾಟಲ್ಡ್’ ಸೇರಿಸಿ ಕೇಳಿದರೆ ಅದು ಹದಿನಾರರ ಮಾನದ ಒಂದು ಅಂಕಿಯನ್ನು ಕೊಡುತ್ತದೆ. ಸೊನ್ನೆ ಬಂದರೆ ಏನೂ ಆಗಿಲ್ಲ. 50000 ಬಂದರೆ ಆನ್ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಕುಸಿದಿದೆ, ಅದರಿಂದ ಪ್ರೊಸೆಸರಿನ ವೇಗಕ್ಕೂ ಕಡಿವಾಣ ಬಿದ್ದಿದೆ. 50005 ಬಂದರೆ ಈ ಕ್ಷಣದಲ್ಲೂ ಅದೇ ಸ್ಥಿತಿ ಇದೆ. ಮೇಷ್ಟ್ರ ಮೊಮ್ಮಗ ಇದನ್ನು ಆಗಲೇ ಕೇಳಿ ನೋಡಿದ್ದ, ಸೊನ್ನೆ ಬಂದಿತ್ತು. ಅವನು ನೋಡಿದ್ದು ಪೈ ರೀಸ್ಟಾರ್ಟ್ ಆದ ನಂತರ. ರೀಸ್ಟಾರ್ಟ್ ಆದಾಗ ಈ ಗುರುತುಗಳೂ ಅಳಿಯುವುದರಿಂದ, ಕುಸಿತ ತೀವ್ರವಾಗಿದ್ದಷ್ಟೂ ಉತ್ತರ ನಿರ್ದೋಷಿಯಂತೆ ಕಾಣುತ್ತದೆ. ಹಾಗಾಗಿ ಯಂತ್ರ ನಡೆಯುತ್ತಿರುವಾಗಲೇ ತೊಂದರೆಯನ್ನು ಬೇಕೆಂದೇ ಉಂಟುಮಾಡಿ ನೋಡಬೇಕು. ಪಂಪನ್ನು ಕೈಯಿಂದ ಹಾಕಿ, ಆರಿಸಿ, ಪ್ರತಿ ಸಲವೂ ಕೇಳಿದೆವು. ಸೊನ್ನೆ ಇದ್ದದ್ದು 50000 ಆಯಿತು. ಮಲ್ಟಿಮೀಟರಿನ ಕಡ್ಡಿಗಳನ್ನು ಬೋರ್ಡಿನಲ್ಲಿ 5 ವೋಲ್ಟ್ ಸಿಗುವ 2ನೇ ಪಿನ್ನಿಗೂ ಗ್ರೌಂಡ್ ಆದ 6ನೇ ಪಿನ್ನಿಗೂ ಹಿಡಿದು, ಅತಿ ಕಡಿಮೆ ಬೆಲೆಯನ್ನು ಹಿಡಿದಿಡುವ ಗುಂಡಿ ಒತ್ತಿದಾಗ, ನಿಶ್ಚಲವಾಗಿದ್ದಾಗ 5.02 ತೋರಿಸುತ್ತಿದ್ದದ್ದು ಪಂಪು ಹಾಕಿದ ಕೂಡಲೇ 4.5ಕ್ಕೆ ಇಳಿಯಿತು. ಮೀಟರು ಕ್ಷಣಿಕ ಕುಸಿತವನ್ನು ಪೂರ್ತಿ ಹಿಡಿಯಲಾರದು. ನಿಜವಾದ ಇಳಿತ ಅದಕ್ಕಿಂತಲೂ ಆಳವಾಗಿತ್ತೆಂದೇ ತಿಳಿಯಬೇಕು.

ಕಾರಣ ಜೋಡಣೆಯಲ್ಲೇ ಇತ್ತು. ಡಬ್ಬಿಯೊಳಗೆ ವೈರುಗಳು ಕಡಿಮೆ ಇರಲಿ ಎಂದು ಮೇಷ್ಟ್ರು 12 ವೋಲ್ಟ್, 2 ಆಂಪಿಯರಿನ ಒಂದೇ ಅಡಾಪ್ಟರಿನಿಂದ ಪಂಪನ್ನೂ ನಡೆಸಿ, ಎಲ್ಎಂ2596 ಚಿಪ್ಪಿನ ಒಂದು ಪುಟ್ಟ ಪರಿವರ್ತಕದ ಮೂಲಕ ಅದರಿಂದಲೇ 5 ವೋಲ್ಟ್ ಮಾಡಿ ಪೈಗೂ ಸೆನ್ಸರಿಗೂ ಕೊಟ್ಟಿದ್ದರು. ಪಂಪಿನ ಮೈಮೇಲೆ ಬರೆದಿದ್ದ ಆಂಪಿಯರನ್ನೂ ಪೈ ಬಳಸುವುದನ್ನೂ ಕೂಡಿದರೆ 2 ಆಂಪಿಯರಿಗಿಂತ ಕಡಿಮೆಯೇ ಬರುತ್ತಿತ್ತು, ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪಂಪಿನ ಮೇಲಿನ ಅಂಕಿ ಓಡುತ್ತಿರುವ ಮೋಟಾರಿನದು. ತಿರುಗುವ ಮೋಟಾರು ತನ್ನೊಳಗೆ ಎದುರು ವೋಲ್ಟೇಜನ್ನು ಹುಟ್ಟಿಸಿಕೊಂಡು ಪ್ರವಾಹವನ್ನು ತಡೆಯುತ್ತದೆ. ನಿಂತ ಮೋಟಾರಿನಲ್ಲಿ ಆ ತಡೆ ಇಲ್ಲದೆ ಸುರುಳಿಯ ತಂತಿಯ ರೋಧವೊಂದೇ ಉಳಿಯುವುದರಿಂದ, ಹೊರಡುವ ಆ ಕ್ಷಣದಲ್ಲಿ ಅದು ಓಡುವಾಗಿನ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಅಡಾಪ್ಟರ್ ಅಷ್ಟನ್ನು ಕೊಡಲಾಗದೆ ಕುಸಿದಾಗ ಪೈಗೂ ಕುಸಿತ ತಟ್ಟುತ್ತದೆ. ಒಂದೇ ಪೈಪಿನಲ್ಲಿರುವ ಎರಡು ನಲ್ಲಿಗಳಲ್ಲಿ ಕೆಳಗಿನದನ್ನು ಪೂರ್ತಿ ತಿರುಗಿಸಿದರೆ ಮೇಲಿನದರಲ್ಲಿ ನೀರು ಸಣ್ಣಗಾಗುವ ಹಾಗೆ.

ಸಂಜೆ ಮಾತ್ರ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ದಿನದ ಫೋಟೊಗಳನ್ನು ಸೇರಿಸಿ ವಿಡಿಯೊ ಮಾಡುವ ಸ್ಕ್ರಿಪ್ಟ್ ಸಂಜೆ ನಡೆಯುವಂತೆ ಮೇಷ್ಟ್ರು ಗೊತ್ತುಮಾಡಿದ್ದರು. ಆ ಹೊತ್ತಿಗೆ ಪೈಯ ನಾಲ್ಕೂ ಕೋರುಗಳು ದುಡಿಯುತ್ತಿರುತ್ತವೆ, ವಿದ್ಯುತ್ತಿನ ಬೇಡಿಕೆ ಹೆಚ್ಚಿರುತ್ತದೆ. ಬೆಳಿಗ್ಗೆ ಪಂಪು ಹೊರಟಾಗ ಪೈ ತಡೆದುಕೊಳ್ಳುತ್ತಿದ್ದ ಕುಸಿತವನ್ನು ಸಂಜೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಇನ್ನು ಕಾರ್ಡುಗಳು ಕೆಟ್ಟದ್ದಕ್ಕೂ ಇದೇ ಮೂಲ: ವಿಡಿಯೊ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಎಸ್‌ಡಿ ಕಾರ್ಡಿನ ಒಳಗಿನ ಬರವಣಿಗೆ ಅರ್ಧಕ್ಕೆ ನಿಂತು ಕಡತ ವ್ಯವಸ್ಥೆ ಹಾಳಾಗಬಹುದು. ಅಂದರೆ ಕಾರ್ಡ್ ನಿಜವಾಗಿಯೂ ಕೆಟ್ಟಿತ್ತು, ಆದರೆ ಅದು ಪರಿಣಾಮ.

ಪರಿಹಾರ ಸರಳವಾಗಿತ್ತು. ಪೈಗೆ ಅದರದೇ 5.1 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ಕೊಟ್ಟೆವು. 12 ವೋಲ್ಟಿನದು ರಿಲೇಯ ಸಂಪರ್ಕಗಳ ಮೂಲಕ ಪಂಪಿಗೆ ಮಾತ್ರ ಹೋಗುವಂತೆ ಮಾಡಿದೆವು. ಪಂಪಿನದು ಬ್ರಷ್ ಇರುವ ಮೋಟಾರಾದ್ದರಿಂದ, ಆರಿಸುವಾಗ ಏಳುವ ವೋಲ್ಟೇಜಿನ ಏರಿಕೆಗೆ ದಾರಿ ಮಾಡಿಕೊಡಲು ಅದರ ಎರಡು ತುದಿಗಳ ನಡುವೆ 1ಎನ್4007 ಡಯೋಡನ್ನು ಬೆಸುಗೆ ಹಾಕಿದೆ. ಪಟ್ಟೆ ಇರುವ ತುದಿ ಧನ ತುದಿಯ ಕಡೆಗೆ ಇರಬೇಕು, ತಿರುಗಿಸಿ ಹಾಕಿದರೆ ಡಯೋಡೇ ಶಾರ್ಟ್ ಆಗುತ್ತದೆ. ಪಂಪಿನ ವೈರಿಗೆ ಕಟ್ಟಿದ್ದ ಸೆನ್ಸರಿನ ವೈರನ್ನು ಬಿಡಿಸಿ ಬೇರೆ ದಾರಿಯಲ್ಲಿ ತಂದು ಪೈಯ 3.3 ವೋಲ್ಟಿಗೆ ಸೇರಿಸಿದೆವು, ಅದರ ಮಾಹಿತಿಯ ತಂತಿಗೂ ವಿದ್ಯುತ್ತಿನ ತಂತಿಗೂ ನಡುವೆ ಇದ್ದ 4.7 ಕಿಲೊ ಓಮಿನ ರೆಸಿಸ್ಟರನ್ನು ಹಾಗೇ ಉಳಿಸಿದೆವು. ಆಮೇಲೆ 85 ಮತ್ತೆ ಬೀಳಲಿಲ್ಲ, ಪೈ ಮತ್ತೆ ತಾನಾಗಿ ರೀಸ್ಟಾರ್ಟ್ ಆಗಲಿಲ್ಲ.

ಪಂಪಿಲ್ಲದ ಮನೆಗಳಲ್ಲಿ ಇದೇ ತೊಂದರೆ ಹೆಚ್ಚಾಗಿ ಕೇಬಲ್ಲಿನಿಂದ ಬರುತ್ತದೆ. ಫೋನ್ ಚಾರ್ಜರಿನ ಜೊತೆ ಬರುವ ಅನೇಕ ಕೇಬಲ್ಲುಗಳಲ್ಲಿ ವಿದ್ಯುತ್ತಿನ ತಂತಿ 28 ಗೇಜಿನಷ್ಟು ತೆಳುವಾಗಿರುತ್ತದೆ. ಆ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 0.42 ಓಮ್. ಒಂದು ಆಂಪಿಯರ್ ಹರಿದರೆ ಒಂದು ಮೀಟರಿನ ಕೇಬಲ್ಲಿನಲ್ಲೇ 0.42 ವೋಲ್ಟ್ ಕಳೆದುಹೋಗುತ್ತದೆ, ಅಡಾಪ್ಟರ್ 5.1 ಕೊಟ್ಟರೂ ಬೋರ್ಡಿಗೆ ತಲುಪುವುದು 4.68. ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಚುಚ್ಚಿದರೆ ಸಾಕು, ಅದು 4.63ರ ಗೆರೆ ದಾಟಿ ಕೆಳಗಿಳಿಯುತ್ತದೆ. ಫೋನು ಇಷ್ಟನ್ನು ಸಹಿಸಿಕೊಂಡು ನಿಧಾನವಾಗಿ ಚಾರ್ಜ್ ಆಗುತ್ತದೆ, ಪೈ ಸಹಿಸುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗಲೆಲ್ಲ ನಾನು ಮೊದಲು ಕೊಳ್ಳುವುದು ಗಿಡ್ಡ, ದಪ್ಪ ಕೇಬಲ್ಲುಗಳನ್ನೇ.

ಮೇಜಿನ ಮೇಲಿನ ಕಂಪ್ಯೂಟರುಗಳಲ್ಲೂ ತಂತ್ರಾಂಶದ ವೇಷದಲ್ಲಿ ಬರುವ ಇಂಥ ತೊಂದರೆಗಳಿವೆ. ಕಡತಗಳು ತೆರೆಯುವಾಗ ಯಂತ್ರ ನಿಂತುನಿಂತು ಹೋಗುತ್ತದೆ, ಡಿಸ್ಕ್ ಬದಲಿಸಬೇಕೇ ಎಂದು ಕೇಳಿಕೊಂಡು ಬರುವವರಿದ್ದಾರೆ. ‘ಸ್ಮಾರ್ಟ್‌ಸಿಟಿಎಲ್’ ಆದೇಶದಿಂದ ಡಿಸ್ಕಿನ ಸ್ವಂತ ವರದಿಯನ್ನು ತೆಗೆದರೆ, 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳು ಡಿಸ್ಕಿನ ತಟ್ಟೆಯ ಕೆಟ್ಟ ಜಾಗಗಳ ಬಗ್ಗೆ ಹೇಳುತ್ತವೆ. 199 ಎಂಬ ಸಂಖ್ಯೆಯ ಸಾಲು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ಮಾಹಿತಿಯ ಲೆಕ್ಕ ಇಡುತ್ತದೆ. ಮೊದಲೆರಡು ಸೊನ್ನೆಯಲ್ಲೇ ಇದ್ದು 199 ಏರುತ್ತಿದ್ದರೆ ಬದಲಿಸಬೇಕಾದದ್ದು ಸಾಟಾ ಕೇಬಲ್, ಡಿಸ್ಕ್ ಅಲ್ಲ. ಆ ಲೆಕ್ಕ ಕೇಬಲ್ ಬದಲಿಸಿದ ಮೇಲೂ ಇಳಿಯುವುದಿಲ್ಲ, ಮುಂದೆ ಏರುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ಗಮನಿಸಬೇಕು. ಇನ್ನು, ಯಾವ ಜಾಲತಾಣ ತೆರೆದರೂ ಭದ್ರತಾ ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ನಾನು ಮೊದಲು ನೋಡುವುದು ಗಡಿಯಾರವನ್ನು. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದ್ದರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಆ ತಾರೀಖಿಗೆ ಇಂದಿನ ಪ್ರಮಾಣಪತ್ರಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಪೈ 4ರಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. ಕರೆಂಟು ಹೋಗಿ ಬಂದ ಮೇಲೆ, ಇಂಟರ್ನೆಟ್ಟಿನಿಂದ ಸಮಯ ಸಿಗುವವರೆಗೆ ಅದು ಹಿಂದೆ ಉಳಿಸಿಟ್ಟ ಸಮಯದಿಂದಲೇ ಎಣಿಸುತ್ತಾ ಹೋಗುತ್ತದೆ. ಹಾಗಾಗಿ ಯಂತ್ರ ತಾನೇ ಬರೆದಿಡುವ ದಾಖಲೆಯನ್ನು, ಅಂದರೆ ಲಾಗ್ ಅನ್ನು, ಓದುವಾಗ ರೀಸ್ಟಾರ್ಟ್ ಆದ ಸ್ವಲ್ಪ ಹೊತ್ತಿನ ಸಾಲುಗಳ ಗಂಟೆಯನ್ನು ನಂಬಬಾರದು. ಕಾಲದ ಲೆಕ್ಕ ಮುಖ್ಯವಾದ ಕೆಲಸಕ್ಕೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಸೇರಿಸುವುದು ಒಳ್ಳೆಯದು. ಜೊತೆಗೆ, ರೀಸ್ಟಾರ್ಟ್ ಆದ ಮೇಲೂ ಲಾಗ್ ಉಳಿಯುವಂತೆ, ಅದನ್ನು ಬರೆಯುವ ‘ಜರ್ನಲ್‌ಡಿ’ಯ ಸಂರಚನೆಯಲ್ಲಿ ‘ಸ್ಟೋರೇಜ್’ ಎಂಬುದನ್ನು ‘ಪರ್ಸಿಸ್ಟೆಂಟ್’ ಎಂದು ಮಾಡಿಡುತ್ತೇನೆ. ಆಗ ಹಿಂದಿನ ಸಲ ಯಂತ್ರ ನಿಲ್ಲುವ ಮುನ್ನ ಏನು ಬರೆದಿತ್ತೆಂದು ‘ಜರ್ನಲ್‌ಸಿಟಿಎಲ್’ನಲ್ಲಿ ನೋಡಬಹುದು. ಶಿಸ್ತಾಗಿ ಮುಚ್ಚಿಕೊಂಡ ಯಂತ್ರದ ಲಾಗಿನಲ್ಲಿ ಒಂದೊಂದು ಸೇವೆಯೂ ನಿಂತ ಬಗ್ಗೆ ಸಾಲುಗಳಿರುತ್ತವೆ. ವಿದ್ಯುತ್ ಕಡಿದು ಸತ್ತ ಯಂತ್ರದ ಲಾಗ್ ಇದ್ದಲ್ಲೇ ಮುರಿದಿರುತ್ತದೆ. ಈ ಒಂದು ವ್ಯತ್ಯಾಸ ಎಷ್ಟೋ ಊಹೆಗಳನ್ನು ತಪ್ಪಿಸುತ್ತದೆ.

ಎಲ್ಲ ತೊಂದರೆಯೂ ವಿದ್ಯುತ್ತಿನದೇ ಎಂದು ನಾನು ಹೇಳುತ್ತಿಲ್ಲ. ಅಪ್‌ಡೇಟ್ ಆದ ಮರುದಿನವೇ ಪರದೆ ಕಪ್ಪಾದರೆ, ಪ್ರತಿ ಸಲವೂ ಅದೇ ಹಂತದಲ್ಲಿ ನಿಂತರೆ, ಅನುಮಾನ ತಂತ್ರಾಂಶದ ಮೇಲೆಯೇ ಇರಬೇಕು. ಆಗಲೂ ಮರುಸ್ಥಾಪನೆ ಬೇಕಾಗುವುದು ಅಪರೂಪ. ಲಿನಕ್ಸಿನ ರೂಪಗಳಾದ ಉಬುಂಟು, ಲಿನಕ್ಸ್ ಮಿಂಟ್‌ಗಳು ಹಿಂದಿನ ಕರ್ನಲ್ಲನ್ನು, ಅಂದರೆ ಓಎಸ್‌ನ ತಿರುಳಿನ ಹಳೆಯ ಆವೃತ್ತಿಯನ್ನು, ಉಳಿಸಿಕೊಂಡಿರುತ್ತವೆ. ಆರಂಭದ ಗ್ರಬ್ ಮೆನುವಿನ ಹೆಚ್ಚುವರಿ ಆಯ್ಕೆಗಳಿಗೆ ಹೋಗಿ ಹಳೆಯದನ್ನು ಆರಿಸಿದಾಗ ಯಂತ್ರ ಎದ್ದರೆ, ದೋಷ ಹೊಸ ಕರ್ನಲ್ಲಿನಲ್ಲೋ ಅದಕ್ಕೆ ಹೊಂದದ ಗ್ರಾಫಿಕ್ಸ್ ಡ್ರೈವರಿನಲ್ಲೋ ಇದೆಯೆಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಮನೆಯವರ ಫೋಟೊ, ಪತ್ರ, ಅವರು ರೂಢಿಸಿಕೊಂಡ ಕಗಪ ಕೀಲಿಮಣೆಯ ವಿನ್ಯಾಸ ಎಲ್ಲವೂ ಇದ್ದ ಹಾಗೇ ಇರುತ್ತವೆ. ಕನ್ನಡದಲ್ಲಿ ಬೆರಳಚ್ಚು ಮಾಡುವ ಹಿರಿಯರಿಗೆ ಕೀಲಿಮಣೆ ಮೊದಲಿನಂತೆ ಇರುವುದು ಎಷ್ಟು ಮುಖ್ಯ ಎಂಬುದನ್ನು ಅವರ ಜೊತೆ ಕುಳಿತು ನೋಡಿದವರೇ ಬಲ್ಲರು.

ನನ್ನ ಜೊತೆ ಕೆಲಸ ಕಲಿಯುವ ಹುಡುಗರಿಗೆ ಮರುಸ್ಥಾಪನೆಯ ಪೆನ್‌ಡ್ರೈವನ್ನು ಮೊದಲ ಭೇಟಿಯಲ್ಲಿ ಚೀಲದಿಂದ ತೆಗೆಯಬೇಡಿ ಎಂದು ಹೇಳಿದ್ದೇನೆ. ಅವರ ಚೀಲದಲ್ಲಿ ಮಲ್ಟಿಮೀಟರ್, ಸರಿಯಾಗಿದೆಯೆಂದು ಅಳೆದು ನೋಡಿದ ಒಂದು ಅಡಾಪ್ಟರ್, ದಪ್ಪ ಕೇಬಲ್, ಒಂದು ಸಾಟಾ ಕೇಬಲ್, ಒಂದು ಸಿಆರ್2032 ಇರಲೇಬೇಕು. ಯಾವುದನ್ನು ಮುಟ್ಟುವ ಮುನ್ನವೂ ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೆ, ಆಗ ಮನೆಯಲ್ಲಿ ಬೇರೇನು ಆನ್ ಆಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಶುಲ್ಕವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದೇನೆ. ಮೊದಲು ಓಎಸ್ ಹಾಕಿಕೊಟ್ಟರೆ ಮಾತ್ರ ಹಣ ಎಂಬ ರೂಢಿ ಇತ್ತು, ಆದ್ದರಿಂದ ಓಎಸ್ ಹಾಕುವ ಕಡೆಗೇ ಕೈ ಹೋಗುತ್ತಿತ್ತು. ಈಗ ಕಾರಣ ಹುಡುಕಿಕೊಟ್ಟದ್ದಕ್ಕೆ ಶುಲ್ಕ. ಆ ಕಾರಣ ನೂರೈವತ್ತು ರೂಪಾಯಿಯ ಕೇಬಲ್ ಆಗಿದ್ದರೂ ಸರಿಯೇ. ಬದಲಿಸುವ ಮುನ್ನ ಮತ್ತು ಬದಲಿಸಿದ ಮೇಲೆ ಅಳೆದ ವೋಲ್ಟೇಜನ್ನು ರಸೀದಿಯ ಮೇಲೆ ಬರೆದುಕೊಡುತ್ತೇವೆ, ಗ್ರಾಹಕರು ಯಾರೂ ಇದನ್ನು ಪ್ರಶ್ನಿಸಿಲ್ಲ.