ಒಲೆಯ ಮೇಲಿನ ಮುದ್ದೆ

ಸಣ್ಣ ಗಣಿಗಳಲ್ಲಿ ಚಿನ್ನ ತೆಗೆಯುವವರ ಕೈನಡುಕ ಪರೀಕ್ಷಿಸುವುದು ಆ ದಿನದ ನನ್ನ ಕೆಲಸ. ಕಾಗದದ ಮೇಲೆ ಒಂದು ಸುರುಳಿ ಬರೆಸುತ್ತೇವೆ, ಅಷ್ಟೇ. ಮೊದಲು ಬಂದವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಅವರು ಎಳೆದ ಗೆರೆ ಗರಗಸದ ಹಲ್ಲಿನಂತೆ ಬಂತು.

“ರಾತ್ರಿ ನಿದ್ದೆ ಹತ್ತಲ್ಲ ಡಾಕ್ಟ್ರೇ. ಸುಮ್ಮಸುಮ್ಮನೆ ಮಗಳ ಮೇಲೆ ರೇಗ್ತೀನಿ” ಅಂದರು. ಜನ ಇದನ್ನು ಕುಡಿತದ ನಡುಕ ಅಂತ ಆಡಿಕೊಳ್ಳುತ್ತಿದ್ದರಂತೆ. ಅವರು ಕುಡಿಯುವವರೇ ಅಲ್ಲ. ನಡುಕ, ನಿದ್ದೆಗೇಡು, ಸಿಟ್ಟು, ಮರೆವು ಎಲ್ಲವೂ ಪಾದರಸದ ಆವಿ ನರಮಂಡಲಕ್ಕೆ ಮಾಡುವ ಹಾನಿಯ ಲಕ್ಷಣಗಳು.

ಮಧ್ಯಾಹ್ನ ಅವರ ಮನೆಗೆ ಹೋದೆ. ಹೆಂಡತಿ, ಚಿನ್ನ ಅಂಟಿಕೊಳ್ಳಲೆಂದು ಅದಿರಿನ ಪುಡಿಗೆ ಪಾದರಸ ಬೆರೆಸಿ ಬಟ್ಟೆಯಲ್ಲಿ ಹಿಂಡುತ್ತಿದ್ದರು. ಹೆಚ್ಚಾದ ಪಾದರಸ ಎಳೆಗಳ ಸಂದಿನಿಂದ ಹನಿಹನಿಯಾಗಿ ಇಳಿದು, ಚಿನ್ನ, ಪಾದರಸ ಬೆರೆತ, ಗೋಲಿಯಷ್ಟು ದಪ್ಪದ ಬೆಳ್ಳಿಬಣ್ಣದ ಮುದ್ದೆ ಉಳಿಯಿತು. ನಾನು ಗ್ಲೌಸ್ ಕೊಟ್ಟು, ಬರಿಗೈಯಲ್ಲಿ ಮುಟ್ಟಬೇಡಿ ಎಂದೆ. ಮೊದಲು ಹೇಳಬೇಕಾದ ಮಾತು ಅದಾಗಿರಲಿಲ್ಲ ಎಂಬ ನೋವು ಈಗಲೂ ಇದೆ.

ಅವರು ಮುದ್ದೆಯನ್ನು ಬಾಣಲೆಗೆ ಹಾಕಿ ಅಡುಗೆಯ ಒಲೆ ಮೇಲಿಟ್ಟರು. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕೂ ಮೊದಲೇ ಆವಿ ಏಳುತ್ತಿರುತ್ತದೆ. ಬೆಳ್ಳಿಬಣ್ಣ ಮಾಸಿ ಹಳದಿ ಇಣುಕಿತು. ವಾಸನೆ ಇಲ್ಲ, ಕಣ್ಣುರಿ ಇಲ್ಲ. ಮಗಳು ಪಕ್ಕದಲ್ಲೇ ಕೂತು ಸೌದೆ ತಳ್ಳುತ್ತಿದ್ದಳು. ದ್ರವ ಪಾದರಸ ನುಂಗಿದರೂ ಬಹುಪಾಲು ಹಾಗೇ ಹೊರಬೀಳುತ್ತದೆ. ಉಸಿರಿನಲ್ಲಿ ಹೋದ ಆವಿಯಾದರೆ ಶೇಕಡಾ 80ರಷ್ಟು ರಕ್ತಕ್ಕೆ ಸೇರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು. ನನ್ನ ಚೀಲದಲ್ಲಿದ್ದ ದೂಳಿನ ಮಾಸ್ಕೂ ತಡೆಯದು. ಮಗುವಿನ ಕೈಹಿಡಿದು ಅಂಗಳಕ್ಕೆ ಬಂದೆ, ತಾಯಿಯನ್ನೂ ಕರೆದೆ.

“ಬಯಲಲ್ಲಿ ಸುಟ್ಟರೆ ಚಿನ್ನ ಇದೆ ಅಂತ ಎಲ್ಲರಿಗೂ ಗೊತ್ತಾಗತ್ತೆ” ಎಂದರು ಆಕೆ. ಅವರ ಭಯ ಸುಳ್ಳಲ್ಲ. ಪಾದರಸದ ಹಾನಿ ತಡೆಯಲು ದೇಶಗಳು ಮಾಡಿಕೊಂಡ, 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ, ವಸತಿ ಇರುವಲ್ಲಿ ಇಂಥ ಮುದ್ದೆ ಸುಡುವುದನ್ನು ನಿಲ್ಲಿಸಲು ದೇಶಗಳು ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಆ ಒಲೆಯ ತನಕ ಅದನ್ನು ಯಾರೂ ತಲುಪಿಸಿರಲಿಲ್ಲ. ಆವಿಯನ್ನು ಕೊಳವೆಯಲ್ಲಿ ತಣಿಸಿ ಪಾದರಸವನ್ನು ಮರಳಿ ಹಿಡಿಯುವ ರಿಟಾರ್ಟ್ ಎಂಬ ಮುಚ್ಚಿದ ಪಾತ್ರೆಯ ಬಗ್ಗೆ ಹೇಳಿದೆ. ಅದನ್ನೂ ಮನೆಯಿಂದ ದೂರವೇ ಇಡಬೇಕು ಎಂದೆ.

ಹೊರಡುವ ಮುಂಚೆ ಮಗಳೂ ಸುರುಳಿ ಬರೆಯುತ್ತೇನೆಂದು ಹಟ ಹಿಡಿದಳು. ಗೆರೆ ನುಣುಪಾಗಿ ಬಂತು. ಅಪ್ಪ ಅದನ್ನು ತಮ್ಮ ಕಾಗದದ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಬಾಣಲೆಯನ್ನು ಎತ್ತಿ ತಂದು ಅಂಗಳದಾಚೆ ಇಟ್ಟರು.