ಮಳೆ ಪ್ರೋಗ್ರಾಂ: ಇಫ್, ಎಲಿಫ್ ಗಂಟು ಬಿಡಿಸುವ ಕೆಲಸ

ನಮ್ಮ ಓಣಿಯ ಪಿಯುಸಿ ಮಕ್ಕಳ ಜೊತೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿರುವ ಮಳೆ ಪ್ರೋಗ್ರಾಂ ಈಗ ಓಡುತ್ತಿದೆ. 24 ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಕೊಟ್ಟರೆ ಮಳೆಯ ದರ್ಜೆ ಹೇಳಬೇಕು. ದರ್ಜೆಗಳು ಹವಾಮಾನ ಇಲಾಖೆಯವು: 64.5ರಿಂದ ಭಾರೀ, 115.6ರಿಂದ ಅತಿ ಭಾರೀ, 204.5ರಿಂದ ಅತ್ಯಂತ ಭಾರೀ. ಮಳೆಗಾಲದಲ್ಲಿ ಕಾರವಾರದ ಮಕ್ಕಳು ರಜೆಯ ಆಸೆ ಇಟ್ಟುಕೊಳ್ಳುವುದೇ ಈ ಪದಗಳನ್ನು ಕೇಳಿ. ಹಾಗಾಗಿ ಉತ್ಸಾಹ ಜಾಸ್ತಿ.

ಓಡುತ್ತಿದೆ ಅಂದರೆ ಸರಿಯಿದೆ ಅಂತಲ್ಲ. 210 ಕೊಟ್ಟರೆ ಬರೀ "ಭಾರೀ" ಅಂದಿತು. ಒಬ್ಬಳು 64.5ರ ಷರತ್ತನ್ನೇ ಮೊದಲು ಇಟ್ಟಿದ್ದಳು. 210 ಕೂಡ 64.5ಕ್ಕಿಂತ ದೊಡ್ಡದೇ ಅಲ್ವಾ? ಮೊದಲ ಷರತ್ತಿಗೆ ಇಫ್, ಅದು ಸುಳ್ಳಾದರೆ ಮಾತ್ರ ನೋಡುವ ಮುಂದಿನ ಷರತ್ತುಗಳಿಗೆ ಎಲಿಫ್. ಒಂದು ಷರತ್ತು ನಿಜವಾದರೆ ಪೈಥಾನ್ ಕೆಳಗಿನ ಎಲಿಫ್‌ಗಳತ್ತ ತಿರುಗಿಯೂ ನೋಡುವುದಿಲ್ಲ. ದೊಡ್ಡ ಅಂಕಿಯಿಂದ ಶುರು ಮಾಡಿ ಕೆಳಗಿಳಿದೆವು. ಎಲಿಫ್ ಬದಲು ಎಲ್ಲ ಕಡೆ ಇಫ್ ಹಾಕಿದ್ದ ಹುಡುಗನಿಗೆ ಮೂರೂ ದರ್ಜೆ ಒಟ್ಟಿಗೆ ಬಂದವು. ಅದು ಬೇಗ ಸರಿಹೋಯಿತು.

ನಿಜಕ್ಕೂ ತಲೆ ತಿಂದದ್ದು ಬೇರೆ. 9 ಮಿಲಿಮೀಟರ್‌ಗೆ "ಅತ್ಯಂತ ಭಾರೀ", 100ಕ್ಕೆ "ಸಾಧಾರಣ"! ನಾವು ಟೈಪ್ ಮಾಡಿದ್ದನ್ನು ಓದುವ ಇನ್‌ಪುಟ್ ಕೊಡುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಅದನ್ನು 204.5ಕ್ಕೆ ಹೋಲಿಸಿದಾಗ ಪೈಥಾನ್ ಟೈಪ್ ಎರರ್ ಕೊಟ್ಟಿತ್ತು. ಎರರ್ ಹೋಗಲಿ ಅಂತ ಒಬ್ಬ ಹುಡುಗ ಅಂಕಿಗೂ ಕೋಟ್ (" " ಗುರುತು) ಹಾಕಿ ಅದನ್ನೂ ಸ್ಟ್ರಿಂಗ್ ಮಾಡಿಬಿಟ್ಟಿದ್ದ. ಎರರ್ ಹೋಯಿತು, ತಪ್ಪು ಒಳಗೇ ಉಳಿಯಿತು. ಸ್ಟ್ರಿಂಗ್‌ಗಳನ್ನು ನಿಘಂಟಿನ ಪದಗಳಂತೆ ಮೊದಲ ಅಕ್ಷರದಿಂದ ಹೋಲಿಸುತ್ತದೆ. ಮೊದಲ ಅಕ್ಷರ 9 ಆದರೆ ಅದು 2ಕ್ಕಿಂತ ದೊಡ್ಡದು. ಇನ್‌ಪುಟ್ಟನ್ನು ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿ ಕೋಟ್ ತೆಗೆದೆವು. ಎರರ್ ಬಂದರೆ ಅದನ್ನು ಹೋಗಲಾಡಿಸುವ ಮೊದಲು ಪೂರ್ತಿ ಓದಿ ಅಂತ ಮಕ್ಕಳಿಗೆ ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಕರಾವಳಿ ತಾಲೂಕುಗಳಿಗೆ ಬೇರೆ ಸೂಚನೆ ಸೇರಿಸಿದರು. ಘಟ್ಟದ ಮೇಲಿನ ಶಿರಸಿ ಅಂತ ಕೊಟ್ಟರೂ "ಸಮುದ್ರಕ್ಕೆ ಇಳಿಯಬೇಡಿ" ಅಂತ ಬಂತು. ಷರತ್ತು ಹೀಗಿತ್ತು: ಊರು == "ಕಾರವಾರ" ಆರ್ (ಅಥವಾ) "ಅಂಕೋಲಾ". ನಾವು ಮಾತಾಡುವುದು ಹಾಗೇ, ಆದರೆ ಪೈಥಾನ್‌ಗೆ "ಅಂಕೋಲಾ" ಒಂಟಿಯಾಗಿ ನಿಂತ ಸ್ಟ್ರಿಂಗ್. ಖಾಲಿಯಲ್ಲದ ಸ್ಟ್ರಿಂಗ್ ಯಾವಾಗಲೂ ನಿಜ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಐದನ್ನೂ ಒಂದು ಲಿಸ್ಟ್‌ಗೆ ಹಾಕಿ, ಊರು ಅದರಲ್ಲಿದೆಯಾ ಅಂತ "ಇನ್" ಬಳಸಿ ಕೇಳಿದೆವು.

ಈಗ ಏನೇ ಬದಲಿಸಿದರೂ ಗಡಿಯ ಅಂಕಿಗಳನ್ನು ಕೊಟ್ಟು ನೋಡುತ್ತೇವೆ: 64.4, 64.5, 115.5, 115.6, 204.4, 204.5, ಜೊತೆಗೆ ಸೊನ್ನೆ. ಸಂಶಯ ಬಂದರೆ ಇಫ್‌ನ ಮೇಲಿನ ಸಾಲಲ್ಲಿ ಷರತ್ತನ್ನೇ ಪ್ರಿಂಟ್ ಮಾಡಿ ಟ್ರೂ ಬರುತ್ತಾ, ಫಾಲ್ಸ್ ಬರುತ್ತಾ ನೋಡುವುದು. ಮುಂದಿನ ವಾರ ಯಾರಾದರೂ ಅಂಕಿಯ ಬದಲು ಅಕ್ಷರ ಟೈಪ್ ಮಾಡಿದರೆ ಏನು ಮಾಡಬೇಕು ಅನ್ನುವುದನ್ನು ಹಿಡಿಯುತ್ತೇವೆ.