"ಹೊಸದೇ ತಗೊಳ್ಳಬಾರದಾ?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ರಿಪೇರಿಗೆ ಅಷ್ಟು ದುಡ್ಡು ಸುರಿಯೋ ಬದಲು ಹೊಸದೇ ತಗೊಳ್ಳಬಾರದಾ?" ಮಿಕ್ಸಿ, ಫ್ಯಾನು, ಲ್ಯಾಪ್‌ಟಾಪು ಯಾವುದೇ ಇರಲಿ, ಪ್ರಶ್ನೆ ಮಾತ್ರ ಇದೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

"ಅಷ್ಟು" ಅಂದರೆ ಎಷ್ಟು ಅಂತ ತಿರುಗಿ ಕೇಳಿ ನೋಡಿ. ಉತ್ತರ ಇರುವುದಿಲ್ಲ. ಏನು ಕೆಟ್ಟಿದೆ ಅಂತ ಯಾರೂ ನೋಡಿಲ್ಲ, ಒಂದು ಸ್ಕ್ರೂ ಬಿಚ್ಚಿಲ್ಲ, ಆಗಲೇ ಮೊಬೈಲಿನಲ್ಲಿ ಆಫರ್ ತೆರೆದಿದೆ. ಬೇಕಿರುವುದು ನನ್ನ ಬಾಯಿಂದ ಒಂದು "ಹೂಂ" ಅಷ್ಟೆ. ತಗೊಳ್ಳಿ ಸ್ವಾಮಿ, ದುಡ್ಡು ನಿಮ್ಮದು.

ಸೀಲಿಂಗ್ ಫ್ಯಾನು ನಿಧಾನವಾಗಿದೆ, ಅಥವಾ ಗುಂಯ್ ಅನ್ನುತ್ತಾ ನಿಂತಿದ್ದು ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ. ಹೆಚ್ಚಿನ ಸಲ ಹೋಗಿರುವುದು ಕೆಪಾಸಿಟರ್, ಅಂದರೆ ಮೋಟರ್ ಹೊರಡಲು, ಓಡಲು ನೆರವಾಗುವ ಪುಟ್ಟ ಡಬ್ಬಿ. ಅದರ ಅಳತೆ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್. ಕೆಪಾಸಿಟರ್ ಅಳೆಯುವ ಮೀಟರಿನಲ್ಲಿ 1.8ಕ್ಕೆ ಇಳಿದಿದ್ದರೆ ಕಳ್ಳ ಸಿಕ್ಕಂತೆ. ಹೊಸದಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ಎರಡೇ ವೈರು, ಪ್ಲಸ್ ಮೈನಸ್ ತಲೆನೋವಿಲ್ಲ. ರೆಗ್ಯುಲೇಟರ್ ಸೊನ್ನೆಗೆ ತಿರುಗಿಸಿ ಏಣಿ ಹತ್ತಬೇಡಿ, ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಜೋರಾಗಿ ತಿರುಗಲಿ ಅಂತ 4 ಮೈಕ್ರೋಫ್ಯಾರಡ್ ಹಾಕಿದರೆ ಮೋಟರಿನ ತಂತಿ ಸುತ್ತು (ವೈಂಡಿಂಗ್) ಬಿಸಿಯಾಗಿ ಸುಡಬಹುದು.

ಇನ್ನು ಮಿಕ್ಸಿ. ಮೋಟರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ಹಲ್ಲಿನ ಬಿಲ್ಲೆಗೆ ಕಪ್ಲರ್ ಅನ್ನುತ್ತಾರೆ; ಮಿಕ್ಸಿಯ ಮೇಲೊಂದು, ಜಾರಿನ ತಳಕ್ಕೊಂದು. "ಕಪ್ಲರ್ ಪದೇ ಪದೇ ಹೋಗುತ್ತೆ, ಮಾಲೇ ಸರಿಯಿಲ್ಲ" ಅನ್ನುವವರು ಒಮ್ಮೆಯೂ ಜಾರ್ ಕಡೆ ತಿರುಗಿ ನೋಡಿರುವುದಿಲ್ಲ. ಮೊದಲು ಜಾರ್ ತೆಗೆದು ಬರೀ ಮಿಕ್ಸಿಯನ್ನು ಎರಡು ಸೆಕೆಂಡ್ ಓಡಿಸಿ. ಓಡಿದರೆ ಮೋಟರ್ ಬದುಕಿದೆ. ಓಡದಿದ್ದರೆ ತಳದಲ್ಲಿರುವ ಕೆಂಪು ಓವರ್‌ಲೋಡ್ ಗುಂಡಿ ಜಿಗಿದಿದೆಯಾ ನೋಡಿ, ಇಪ್ಪತ್ತು ನಿಮಿಷ ತಣಿಯಲು ಬಿಟ್ಟು ಒತ್ತಿ. ಆಮೇಲೆ ಜಾರ್ ಬೋರಲು ಹಾಕಿ ತಳದ ಕಪ್ಲರನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ತೊಂದರೆ ಅಲ್ಲೇ ಇದೆ. ಬ್ಲೇಡಿನ ಕೆಳಗಿನ ರಬ್ಬರ್ ಸೀಲ್ ಸವೆದು, ಉಪ್ಪು ಹುಳಿ ಬೆರೆತ ಚಟ್ನಿ ನೀರು ಬುಷ್‌ಗೆ (ಬ್ಲೇಡಿನ ಕಡ್ಡಿ ತಿರುಗುವ ಕೊಳವೆಗೆ) ಇಳಿದು, ಶಾಫ್ಟ್ ಅಂದರೆ ಆ ಕಡ್ಡಿ ತುಕ್ಕು ಹಿಡಿದಿರುತ್ತದೆ. ಆ ಬಿಗಿಯನ್ನು ಎಳೆಯಲಾರದೆ ಮಿಕ್ಸಿಯ ಮೇಲಿನ ಕಪ್ಲರಿನ ಹಲ್ಲು ಮುರಿಯುತ್ತದೆ. ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿದ್ದಾರೆ, ಇಲ್ಲದಿದ್ದರೆ ಮೋಟರ್ ಸುಡುತ್ತಿತ್ತು. ಅದೇ ನೀರು ಜಾರಿನಿಂದ ಸೋರಿ ಮೋಟರಿಗೂ ಇಳಿದರೆ ಕಮ್ಯುಟೇಟರ್ (ಮೋಟರಿನೊಳಗೆ ತಿರುಗುವ ತಾಮ್ರದ ಬಳೆ) ಕಪ್ಪಾಗಿ, ಅದಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ.

ಹಾಗಾಗಿ ಮೊದಲು ಜಾರಿನ ಬುಷ್, ಶಾಫ್ಟ್, ಸೀಲ್ ಬದಲಿಸಿ, ಆಮೇಲೆ ಕಪ್ಲರ್. ಸ್ಪೀಕರ್ ಕಟ್ಟಿಕೊಂಡು "ಕುಕ್ಕರ್, ಮಿಕ್ಸಿ ರಿಪೇರಿ" ಅಂತ ಬೀದಿಗೆ ಬರುವವರೂ ಇದನ್ನು ಮಾಡಿಕೊಡುತ್ತಾರೆ. ಮಿಕ್ಸಿಯ ಮೇಲಿನ ಕಪ್ಲರ್ ಬಿಚ್ಚುವಾಗ ಮಿಕ್ಸಿಯ ತಳದ ಕಡೆಯಿಂದ ಮೋಟರಿನ ಶಾಫ್ಟ್ ಹಿಡಿದು, ಮೋಟರ್ ಯಾವ ಕಡೆ ತಿರುಗುತ್ತದೋ ಆ ಕಡೆಗೇ ಕಪ್ಲರನ್ನು ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ಇನ್ನೂ ಬಿಗಿಯುತ್ತದೆ. ತೊಳೆದ ಜಾರನ್ನು ಬೋರಲು ಹಾಕಿ ಒಣಗಿಸಿದರೆ ಹೊಸ ಸೀಲ್ ಬಾಳಿಕೆ ಬರುತ್ತದೆ.

ನನ್ನನ್ನು ಕೇಳಬೇಕಿದ್ದದ್ದು ಇದನ್ನು: "ಯಾಕೆ ಕೆಟ್ಟಿತು?" ಹೊಸ ಮಿಕ್ಸಿ ತಂದು, ಹೊಸ ಜಾರನ್ನೂ ಅದೇ ಥರ ಒದ್ದೆ ಇಟ್ಟರೆ ಅದರ ಬುಷ್ಷಿಗೂ ಇದೇ ಗತಿ.

ಲ್ಯಾಪ್‌ಟಾಪ್ ವಿಷಯವೂ ಹಾಗೇ. "ಹಳೇದಾಯ್ತು, ಸ್ಲೋ" ಅನ್ನುತ್ತಾರೆ. ಪ್ರೊಸೆಸರಿಗೆ ಮುಪ್ಪು ಬಂದು ಮೆಲ್ಲಗಾಗುವುದಿಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ 100% ತೋರಿಸುತ್ತಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ಹಾಕಿ. ಫೈಲುಗಳ ಪ್ರತಿ ಮೊದಲೇ ತೆಗೆದಿಡಿ. ಬೆಂಗಳೂರಿನವರಾದರೆ ಎಸ್‌ಎಸ್‌ಡಿ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ. ರ್‍ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಕೂಡ ಕೊಳ್ಳುವುದಾದರೆ ಹಳೆಯದನ್ನು ಜೇಬಲ್ಲಿಟ್ಟುಕೊಂಡು ಹೋಗಿ: ಡಿಡಿಆರ್3 1.5 ವೋಲ್ಟ್, ಡಿಡಿಆರ್3ಎಲ್ 1.35 ವೋಲ್ಟ್. ನೋಡಲು ಎರಡೂ ಒಂದೇ, ಆದರೆ 1.35 ಮಾತ್ರ ಒಪ್ಪುವ ಯಂತ್ರ ಮೊದಲನೆಯದರಲ್ಲಿ ಆನ್ ಆಗದೇ ಇರಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ನಿಜ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡುವುದನ್ನು ಅವತ್ತೇ ನಿಲ್ಲಿಸಿ ಹೊರಗೆ ತೆಗೆಸಿ.

ಹೊಸದನ್ನು ತಗೊಳ್ಳಿ ಅಂತ ನಾನೂ ಹೇಳುತ್ತೇನೆ. ಫ್ರಿಜ್ಜಿನ ಗೋಡೆಯ ಫೋಮ್ ಒಳಗೆ ಹೂತ ಪೈಪಿನಲ್ಲಿ ಗ್ಯಾಸ್ ಸೋರುತ್ತಿದ್ದರೆ ತುಂಬಿಸಿ ಉಪಯೋಗವಿಲ್ಲ. ಮೈಕ್ರೋವೇವ್ ಅನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 2000 ವೋಲ್ಟ್ ಉಳಿದಿರಬಹುದು. 75 ವ್ಯಾಟಿನ ಹಳೇ ಫ್ಯಾನಿಗೆ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ, ಬ್ರಷ್ ಇಲ್ಲದ ಮೋಟರಿನ ಫ್ಯಾನು) ಹಾಕಿದರೆ ದಿನಕ್ಕೆ 12 ಗಂಟೆಗೆ ಅರ್ಧ ಯೂನಿಟ್ ಉಳಿಯುತ್ತದೆ, ಒಪ್ಪಿದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಈ ಲೆಕ್ಕ ನನಗೆ ಹೇಳಬೇಡಿ. ಬಿಎಲ್‌ಡಿಸಿ ಫ್ಯಾನಿನ ಎಲೆಕ್ಟ್ರಾನಿಕ್ ಬೋರ್ಡ್ ಹೋದಾಗ ನೂರು ರೂಪಾಯಿಯ ಕೆಪಾಸಿಟರಿನಿಂದ ಕೆಲಸ ಮುಗಿಯುವುದಿಲ್ಲ ಅನ್ನುವುದೂ ನೆನಪಿರಲಿ.

ಅಂಗಡಿಗೆ ಕೊಡುವುದಾದರೆ "ಎಷ್ಟಾಗುತ್ತೆ?" ಅಂತ ಶುರು ಮಾಡಬೇಡಿ. ಯಾವ ಪಾರ್ಟು, ಯಾಕೆ ಹೋಯಿತು ಅಂತ ಕೇಳಿ. ಬದಲಿಸಿದ ಹಳೇ ಪಾರ್ಟನ್ನು ವಾಪಸ್ ಕೊಡಬೇಕು ಅಂತ ಕೆಲಸಕ್ಕೆ ಮುಂಚೆಯೇ ಹೇಳಿಬಿಡಿ.